ಒಂದೇ ಗಾಡಿಯಲ್ಲಿ ಬಂದವರು

ನಮ್ಮ ರಸ್ತೆಯ ಕೊನೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಮೇಷ್ಟ್ರಿಗೆ ಸಿಟ್ಟು ಬಂದದ್ದನ್ನು ಕಂಡವರು ಕಡಿಮೆ. ಕಲಿಯುವವರು ಗಾಡಿಯನ್ನು ನೇರ ಗೋಡೆಗೆ ಗುದ್ದಿಸಿದರೂ "ಆಯ್ತು ಬಿಡಿ, ಗೋಡೆ ಎಲ್ಲಿದೆ ಅಂತ ಗೊತ್ತಾಯ್ತಲ್ಲ, ಹಿಂದೆ ತಗೊಳ್ಳಿ" ಎನ್ನುತ್ತಾರೆ. ನನಗೂ ಗಾಡಿ ಕಲಿಸಿದವರು ಅವರೇ. ಸ್ಕೂಲ್ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಕಿಟಕಿಯ ಸರಳಿಗೆ ಒಣಹಾಕಿದ ಒರೆಸುವ ಬಟ್ಟೆ, ಬಂದವರು ಕೂರಲು ಹಳೆಯ ಕಾರೊಂದರಿಂದ ಕಿತ್ತು ತಂದ ಹಿಂದಿನ ಸೀಟು. ಆ ಸೀಟಿನ ಮೇಲೆ ಬೆಳಗಾದರೆ ಅವರ ಭಾವ, ಅಂದರೆ ಹೆಂಡತಿಯ ಅಣ್ಣ, ಪೇಪರ್ ಹಿಡಿದು ಹಾಜರು. ಅವರ ಎಡಗೈ ಮಣಿಕಟ್ಟು ಬಗ್ಗುವುದಿಲ್ಲ. ಪುಟ ತಿರುಗಿಸಲು ಗದ್ದದ ಸಹಾಯ ಬೇಕು.

ಇವರಿಬ್ಬರ ನಂಟು ಹೇಗೆ ಬೆಳೆಯಿತೆಂದು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಹಾಕದೆ ಬಿಡುವುದಿಲ್ಲ. ಹಾಗಾಗಿ ಸೋಸಿ ಬರೆಯುತ್ತಿದ್ದೇನೆ.

ಮೇಷ್ಟ್ರು ಸೈನ್ಯಕ್ಕೆ ಸೇರಿದ್ದು ಗಾಡಿಯ ಹುಚ್ಚಿನಿಂದ. ಸ್ಟಿಯರಿಂಗ್ ಸಿಕ್ಕರೆ ಸಾಕು ಎಂದು ಹೋದವರಿಗೆ ಯುದ್ಧವೂ ಸಿಕ್ಕಿತು. ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸುವ ಲಾರಿಗೆ ಅವರನ್ನು ಡ್ರೈವರ್ ಮಾಡಿದರು. ಒಂದು ಬೆಳಿಗ್ಗೆ, ಗುಂಡಿನ ಸದ್ದು ಅಡಗಿದ ಮೇಲೆ, ಒಂದು ಇಟ್ಟಿಗೆ ಗೂಡಿನ ಬಳಿಯಿಂದ ಸಾರ್ಜೆಂಟ್ ಒಬ್ಬನನ್ನು ಹತ್ತಿಸಿಕೊಂಡರು. ಅವನ ಎಡಗೈ ಮಣಿಕಟ್ಟು ನುಚ್ಚುನೂರಾಗಿತ್ತು. ಊಟ ನಿದ್ದೆ ಎಲ್ಲ ಜೊತೆಯಲ್ಲೇ ಮಾಡಿದ ಗೆಳೆಯನನ್ನು ಹಿಂದಿನ ದಿನವಷ್ಟೇ ಕಳೆದುಕೊಂಡಿದ್ದ. ಅಳಲಿಲ್ಲ, ಮಾತೂ ಆಡಲಿಲ್ಲ.

ಹೊರಡಬೇಕು ಎನ್ನುವಾಗ ಗೂಡಿನ ಹಿಂದಿನಿಂದ ನರಳುವ ಸದ್ದು. ಹೋಗಿ ನೋಡಿದರೆ ಶತ್ರು ಸೈನಿಕ, ಮೀಸೆ ಈಗಷ್ಟೇ ಚಿಗುರಿದ್ದವನು. ತೊಡೆಗೆ ಗುಂಡು ಬಿದ್ದಿತ್ತು. ಡ್ರೈವರ್ ತನ್ನ ಬೆಲ್ಟ್ ಬಿಚ್ಚಿ ತೊಡೆಗೆ ಬಿಗಿದ. ನೀರಿನ ಬಾಟಲಿ ಹಿಡಿದರೆ ಅವನು ತುಟಿ ಬಿಗಿದುಕೊಂಡ. ವಿಷವೆಂದು ಹೆದರಿದ್ದಾನೆಂದು ತಿಳಿದು, ಡ್ರೈವರ್ ತಾನೇ ಗಟಗಟ ಕುಡಿದು ತೋರಿಸಿದ. ಆಮೇಲೆ ಅವನು ಬಾಟಲಿ ಬಿಡಲೊಲ್ಲ.

ಹೆಗಲ ಮೇಲೆ ಹೊತ್ತು ತಂದಾಗ ಸಾರ್ಜೆಂಟ್ ಮೊದಲ ಬಾರಿ ಬಾಯಿ ತೆರೆದ.

"ಅವನು ಹತ್ತಿದ್ರೆ ನಾನು ಇಳೀತೀನಿ."

"ಇಳೀರಿ ಸಾರ್. ಆದ್ರೆ ಆಸ್ಪತ್ರೆ ತುಂಬಾ ದೂರ. ನಡೀಬೇಕಾಗುತ್ತೆ."

ಸಾರ್ಜೆಂಟ್ ಇಳಿಯಲಿಲ್ಲ. ಮುಖ ಆ ಕಡೆ ತಿರುಗಿಸಿ ಕುಳಿತ.

ರಸ್ತೆ ಎನ್ನುವುದು ಹೆಸರಿಗಷ್ಟೇ. ಶೆಲ್ ಬಿದ್ದ ಹೊಂಡಗಳನ್ನು ಬಳಸುತ್ತ ಸ್ವಲ್ಪ ದೂರ ಹೋಗಿರಬೇಕು, ಹಿಂದಿನಿಂದ ಒಂದು ಕೂಗು. ಡ್ರೈವರ್ ಕಿಂಡಿಯಿಂದ ಇಣುಕಿದ. ಬೆಲ್ಟ್ ಕಿತ್ತುಹೋಗಿ ರಕ್ತ ಹಲಗೆಯ ಮೇಲೆ ಹರಿಯುತ್ತಿತ್ತು. ಗಾಡಿ ನಿಲ್ಲಿಸಿದರೆ ಅವನು ಆಸ್ಪತ್ರೆ ಮುಟ್ಟುವುದಿಲ್ಲ, ಓಡಿಸುತ್ತ ಹೋದರೆ ರಕ್ತ ನಿಲ್ಲುವುದಿಲ್ಲ. ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಸಾರ್ಜೆಂಟನ ದನಿ:

"ನಿಲ್ಲಿಸ್ಬೇಡ! ನೀನು ಗಾಡಿ ಓಡ್ಸು. ನಾನು ಹಿಡ್ಕೊಂಡಿದೀನಿ."

ನೆಟ್ಟಗಿದ್ದ ಒಂದೇ ಕೈಯಲ್ಲಿ, ತನ್ನ ಮೈಭಾರವನ್ನೆಲ್ಲ ಹಾಕಿ, ಆ ಗಾಯವನ್ನು ಅವನು ದಾರಿಯುದ್ದಕ್ಕೂ ಒತ್ತಿ ಹಿಡಿದಿದ್ದ. ಗಾಡಿ ಕುಲುಕಿದಾಗಲೆಲ್ಲ ಡ್ರೈವರನ್ನು ಬೈಯುತ್ತಿದ್ದ. ಆಸ್ಪತ್ರೆಯಲ್ಲಿ ನರ್ಸ್ ಬಂದು "ಇನ್ನು ಬಿಡಿ, ನಾವಿದ್ದೀವಿ" ಎಂದರೂ ಕೈ ಬಿಡಲಾಗಲಿಲ್ಲ. ಮರಗಟ್ಟಿಹೋಗಿದ್ದ ಬೆರಳುಗಳನ್ನು ಆಕೆ ಒಂದೊಂದಾಗಿ ಬಿಡಿಸಬೇಕಾಯಿತು.

"ಗಾಡಿಯೆಲ್ಲ ಗಲೀಜಾಗುತ್ತೆ ಅಂತ ಹಿಡ್ಕೊಂಡೆ ಅಷ್ಟೆ" ಎಂದ ಸಾರ್ಜೆಂಟ್. ಹಾಗೆ ಹೇಳಿ, ಗೋಡೆಗೆ ಒರಗಿ, ಗೆಳೆಯನಿಗಾಗಿ ಮೊದಲ ಸಲ ಅತ್ತ.

ವಾರ್ಡಿನಲ್ಲಿ ಜಾಗ ಇರಲಿಲ್ಲ. ಸಾರ್ಜೆಂಟ್ ಮತ್ತು ಆ ಹುಡುಗ, ಇಬ್ಬರ ಮಂಚವೂ ಅಕ್ಕಪಕ್ಕ ಬಿತ್ತು. ಭಾಷೆ ಬಾರದು, ಹೊತ್ತು ಹೋಗದು. ಯಾರೋ ಚದುರಂಗದ ಹಲಗೆ ತಂದುಕೊಟ್ಟರು. ಪ್ರತಿ ಆಟದಲ್ಲೂ ಸಾರ್ಜೆಂಟನಿಗೇ ಸೋಲು. ಹುಡುಗ ಕಾಯಿ ನಡೆಸಿದಾಗಲೆಲ್ಲ "ದಡ್ಡ, ದಡ್ಡ" ಎಂದು ಸಾರ್ಜೆಂಟ್ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಭೇಟಿಗೆ ಬಂದ ಡ್ರೈವರನ್ನು ಕಂಡು ವಾರ್ಡಿನವರು "ಬನ್ನಿ ಬನ್ನಿ, ಬೀಗರು ಆಟದಲ್ಲಿದ್ದಾರೆ" ಎಂದು ನಗುತ್ತಿದ್ದರು. ಎಲ್ಲರೂ ನಗಲಿಲ್ಲ. ಕಾಲು ಕಳೆದುಕೊಂಡಿದ್ದ ಒಬ್ಬ ಅವರತ್ತ ಬೆನ್ನು ತಿರುಗಿಸಿಯೇ ಮಲಗುತ್ತಿದ್ದ.

ಕೈದಿಗಳ ವಿನಿಮಯವಾದ ದಿನ ಹುಡುಗನನ್ನು ಗಡಿಯ ಸೇತುವೆವರೆಗೆ ಬಿಟ್ಟುಬಂದದ್ದು ಇದೇ ಡ್ರೈವರ್. ಗಾಳಿ ಕುಡಿಯಬೇಕೆಂಬ ನೆಪ ಹೇಳಿ ಸಾರ್ಜೆಂಟನೂ ಹತ್ತಿದ. ಹುಡುಗ ಊರುಗೋಲು ಸರಿಪಡಿಸಿಕೊಂಡು, ಸಾರ್ಜೆಂಟನಿಗೆ ಸೆಲ್ಯೂಟ್ ಹೊಡೆದು, ತಾನು ಕಲಿತ ಒಂದೇ ಪದವನ್ನು ಬಹಳ ಗೌರವದಿಂದ ಹೇಳಿದ: "ದಡ್ಡ!" ಇಬ್ಬರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಏನೆಂದು ತಿಳಿಯದೆ ಅವನೂ ನಕ್ಕ. ನಗುತ್ತಲೇ ಸೇತುವೆ ದಾಟಿದ.

ಆಸ್ಪತ್ರೆಗೆ ಸಾರ್ಜೆಂಟನ ತಂಗಿಯೂ ಬರುತ್ತಿದ್ದಳು. "ಅಣ್ಣನ ಕೈ ನೋಡೋಕೆ ಬಂದೋಳು ನನ್ನ ಕೈ ಹಿಡಿದ್ಳು" ಎನ್ನುತ್ತಾರೆ ಮೇಷ್ಟ್ರು. "ನಾನೆಲ್ಲಿ ಹಿಡಿದೆ? ದಿನಾ ಬಂದು ಗೇಟಲ್ಲಿ ನಿಂತಿರ್ತಿದ್ರು, ಪಾಪ ಅಂತ ಒಪ್ಕೊಂಡೆ" ಎನ್ನುತ್ತಾರೆ ಅವರ ಹೆಂಡತಿ. ಲಾರಿ ಬಿಟ್ಟು ಬಂದ ಮೇಷ್ಟ್ರು ಈ ಕೋಣೆ ಹಿಡಿದರು. ಮಗಳು ಈಗ ಬೇರೆ ಊರಲ್ಲಿ ಬಸ್ ಓಡಿಸುತ್ತಾಳೆ. ಅದನ್ನು ಹೇಳುವಾಗ ಅವರ ಮುಖ ಊರಗಲ.

ಒಮ್ಮೆ ನಾನು ಭಾವನನ್ನು ಕೇಳಿದೆ: "ಆ ಹುಡುಗನೇ ಬಂದೂಕು ಹಿಡಿದು ನಿಮ್ಮೆದುರು ನಿಂತಿದ್ದಿದ್ರೆ?"

ಅವರು ಪೇಪರ್ ಮಡಿಚಿದರು. "ಹೊಡೀತಿದ್ದೆ. ಅವನೂ ಹೊಡೀತಿದ್ದ. ಆದ್ರೆ ಅವತ್ತು ಅವನು ಬಿದ್ದಿದ್ದ ಅಲ್ವಾ? ಬಿದ್ದೋನ ಜೊತೆ ಏನು ಯುದ್ಧ?"

ಹೊರಗೆ ಹೊಸದಾಗಿ ಸೇರಿದ ಹೆಂಗಸೊಬ್ಬರು ಹೆದರಿಕೊಂಡೇ ಕಾರಿನ ಬಾಗಿಲು ತೆಗೆಯುತ್ತಿದ್ದರು. ಮೇಷ್ಟ್ರು ಟೀ ಲೋಟ ಕೆಳಗಿಟ್ಟು, ಅವರ ಪಕ್ಕದ ಸೀಟಿನಲ್ಲಿ ಕೂರಲು ಎದ್ದುಹೋದರು.