ಗಂಗವ್ವನ ಕೆಂಪು ಸಿಲಿಂಡರ್

ಬೆಂಕಿ ಆರಿಸುವ ಸಿಲಿಂಡರಿಗೆ ಮೂರೆಳೆ ವಿಭೂತಿ ಹಚ್ಚಿದ ಮನೆ ನಾನು ಕಂಡದ್ದು ಅದೊಂದೇ. ಅರವತ್ತರ ದಶಕದಲ್ಲಿ ದಾಂಡೇಲಿಯ ಕಾರ್ಖಾನೆ ಕ್ವಾರ್ಟರ್ಸುಗಳಿಂದ ಹಳೆಯ ಸಿಲಿಂಡರು ಒಯ್ದು, ಹೊಸ ಔಷಧ ತುಂಬಿಸಿ ತರುವುದು ನನ್ನ ಕೆಲಸ. ಗಂಗವ್ವ ಎಂಬ ಮುದುಕಿ ಮಾತ್ರ ತಮ್ಮ ಮನೆಯದನ್ನು ಮುಟ್ಟಗೊಡಲಿಲ್ಲ.

“ಇದು ಬಂದು ಆರು ವರ್ಷಾತು. ಮನ್ಯಾಗ ಒಂದ್ ಕಿಡಿ ಹಾರಿಲ್ಲ. ಛಲೋ ಕೆಲಸ ಮಾಡೂದನ್ನ ಯಾಕ ಒಯ್ತೀರಿ?”

“ಅವ್ವಾರ, ಒಳಗಿನ ಔಷಧದ ಶಕ್ತಿ ಹೋಗಿರತೈತ್ರಿ.”

“ಹೋಗಿದ್ರ ಬೆಂಕಿ ಬೀಳಬೇಕಿತ್ತಲ್ಲ?”

ನನಗೆ ರೇಗಿತು. ಅಂಗಳದಲ್ಲಿ ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ, ಸಿಲಿಂಡರನ್ನು ತಲೆಕೆಳಗು ಮಾಡಿ ಅದರ ತಲೆಯ ಮೇಲಿನ ಒತ್ತುಗುಂಡಿಯನ್ನು ನೆಲಕ್ಕೆ ಗುದ್ದಿದೆ. ಹನಿಯೂ ಬರಲಿಲ್ಲ. “ನೋಡಿದ್ರ್ಯಾ?” ಎಂದು ಗೆದ್ದವನಂತೆ ಅದರ ಮೂತಿಯೊಳಗೆ ಇಣುಕಿದೆ. ಆರು ವರ್ಷದ ನೊರೆನೀರೆಲ್ಲ ಒಮ್ಮೆಲೇ ನನ್ನ ಮುಖಕ್ಕೆ ಬಡಿಯಿತು. ಹುಲ್ಲು ಉರಿಯುತ್ತಲೇ ಇತ್ತು. ಗಂಗವ್ವ ಒಂದು ತಂಬಿಗೆ ನೀರು ಸುರಿದು ಆರಿಸಿದರು.

“ಶಕ್ತಿ ಎಲ್ಲಿ ಹೋಗೈತ್ರಿ? ಬೆಂಕಿ ಹಚ್ಚಿದವರನ್ನ ಹುಡುಕಿ ಹೊಡದೈತಿ,” ಎಂದರು. “ಈಗ ದಣದಿರತೈತಿ. ಒಯ್ದು ತುಂಬಿಸ್ಕೊಂಡ್ ಬರ್ರಿ.”

ರಜಿಸ್ಟರಿನಲ್ಲಿ ಖಾಲಿಯಾದ ಕಾರಣ ಕೇಳುವ ಕಾಲಮ್ಮಿನಲ್ಲಿ ‘ಬೆಂಕಿ’ ಎಂದು ಬರೆದೆ. ಹಚ್ಚಿದವರು ಯಾರು ಎಂದು ಕೇಳುವ ಕಾಲಂ ಪುಣ್ಯಕ್ಕೆ ಅದರಲ್ಲಿ ಇರಲಿಲ್ಲ.