ಕುರುಗೋಡಿನಲ್ಲಿ ಇಲ್ಲದ ಆಸ್ಪತ್ರೆ

ಬಳ್ಳಾರಿಯ ಗಾಂಧಿನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಅಂಗಡಿಗಳ ಬೋರ್ಡು ಮಾಡಿಕೊಂಡಿದ್ದವಳು ಎಐ ಬಂದ ಮೇಲೆ ವೆಬ್‌ಸೈಟ್ ಮಾಡಲು ಶುರು ಮಾಡಿದೆ. ಕೋಡ್ ಬರೆಯಲು ನನಗೆ ಬರುವುದಿಲ್ಲ. ಏನು ಬೇಕೆಂದು ಕನ್ನಡದಲ್ಲೇ ಟೈಪ್ ಮಾಡಿದರೆ ಅದೇ ಬರೆದುಕೊಡುತ್ತಿತ್ತು. ಬಣ್ಣ ಬದಲಿಸು, ಅಕ್ಷರ ದೊಡ್ಡದು ಮಾಡು ಎಂದು ನಾನು ಹೇಳುತ್ತಾ ಹೋಗುತ್ತಿದ್ದೆ. ಒಂದು ಬೇಕರಿಗೂ ಜೀನ್ಸ್ ಹೊಲಿಯುವವರೊಬ್ಬರಿಗೂ ಹಾಗೇ ಮಾಡಿಕೊಟ್ಟಿದ್ದೆ. ಇಬ್ಬರಿಗೂ ಖುಷಿಯಾಗಿತ್ತು.

ನನ್ನ ತವರು ಸಿರುಗುಪ್ಪಕ್ಕೂ ಕುರುಗೋಡಿಗೂ ನಡುವಿನ ಹಳ್ಳಿ. ಎರಡರಲ್ಲಿ ಸಿರುಗುಪ್ಪವೇ ಹತ್ತಿರ. ಕಾಲುವೆ ನೀರಿನ ಭತ್ತದ ಸೀಮೆಯಾದ್ದರಿಂದ ಗದ್ದೆಗೆ ಇಳಿಯುವವರಿಗೆ ಹಾವಿನ ಭಯ ಇದ್ದದ್ದೇ. ಒಮ್ಮೆ ನಮ್ಮ ಓಣಿಯ ಹೆಂಗಸಿಗೆ ಹಾವು ಕಡಿದಾಗ, ಯಾವ ಆಸ್ಪತ್ರೆಯಲ್ಲಿ ಔಷಧಿ ಇದೆ, ಎಲ್ಲಿಗೆ ಒಯ್ಯಬೇಕು ಎಂದು ಜನ ದಿಕ್ಕುತಪ್ಪಿ ಓಡಾಡಿದ್ದನ್ನು ಕಂಡಿದ್ದೆ. ಅದು ಮನಸ್ಸಿನಲ್ಲಿ ಉಳಿದಿತ್ತು. ಬಿಡುವಿದ್ದ ಒಂದು ಮಧ್ಯಾಹ್ನ ಎಐಗೆ ಹೇಳಿದೆ: ಹಾವು ಕಡಿದವರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಔಷಧಿ ಇದೆಯೆಂದು ತೋರಿಸುವ ಪುಟ ಮಾಡಿಕೊಡು, ಇದ್ದಲ್ಲಿ ಹಸಿರು ಚುಕ್ಕೆ, ಇಲ್ಲದಲ್ಲಿ ಕೆಂಪು ಚುಕ್ಕೆ ಬರಲಿ.

ಚಹಾ ಕುಡಿದು ಮುಗಿಸುವಷ್ಟರಲ್ಲಿ ಪುಟ ಸಿದ್ಧವಾಗಿತ್ತು. ನಕ್ಷೆ, ಚುಕ್ಕೆಗಳು, ಆಸ್ಪತ್ರೆಗಳ ಹೆಸರು, ಎಲ್ಲವೂ ಇದ್ದವು. ಹೆಸರುಗಳನ್ನು ಇಂಟರ್ನೆಟ್ಟಿನಿಂದ ಎತ್ತಿಕೊಂಡಿರಬೇಕು, ಒಂದೊಂದಕ್ಕೂ ಫೋನ್ ಮಾಡಿ ಆಮೇಲೆ ಖಾತ್ರಿ ಮಾಡಿಕೊಂಡರಾಯಿತು ಎಂದುಕೊಂಡೆ. ಮೊಬೈಲಿನಲ್ಲಿ ಹೇಗೆ ಕಾಣುತ್ತದೆ ನೋಡಿ ಹೇಳಲೆಂದು ಊರಿನಲ್ಲಿ ಅಣ್ಣನ ಜೊತೆಗಿದ್ದ ಅತ್ತಿಗೆಗೆ ಲಿಂಕ್ ಕಳಿಸಿದೆ. "ಭಾಳ ಛಂದ ಐತಿ ಯವ್ವಾ" ಎಂದಳು. ಅವಳು ಅದನ್ನು ತನ್ನ ಮಹಿಳಾ ಸಂಘದ ಗ್ರೂಪಿಗೂ ಹಾಕಿದ್ದು ನನಗೆ ಗೊತ್ತಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಅಂಗಡಿಯಲ್ಲಿ ಲಗ್ನಪತ್ರಿಕೆಯೊಂದರ ತಪ್ಪು ತಿದ್ದುತ್ತಿದ್ದಾಗ ಅತ್ತಿಗೆಯ ಫೋನ್ ಬಂತು. ಹಿಂದೆ ಗಾಡಿಯ ಸದ್ದು ಕೇಳುತ್ತಿತ್ತು.

"ಯವ್ವಾ, ನಿಮ್ಮಣ್ಣಗ ಹಾವು ಕಡದೈತಿ. ಹೊಲಕ್ಕ ನೀರು ಕಟ್ಟಾಕ ಹೋಗಿದ್ರು. ನೀ ಅಂಜಬ್ಯಾಡ. ಬಾಜೂಮನಿ ಭಾಯ್ ಗಾಡಿ ತಂದಾರ. ಸಿರುಗುಪ್ಪಕ್ಕ ಹೊಂಟಿದ್ವಿ, ನಿನ್ನ ಆ್ಯಪ್ ತೆಗದು ನೋಡಿದೆ. ಸಿರುಗುಪ್ಪಕ್ಕ ಕೆಂಪು ತೋರಸ್ತು, ಕುರುಗೋಡಿಗೆ ಹಸರು ಐತಿ. ಅದಕ್ಕ ಗಾಡಿ ಈ ಕಡೆ ತಿರುಗಿಸೀವಿ."

ಮೌಸ್ ಬಿಟ್ಟು ಎದ್ದು ನಿಂತೆ. "ಕುರುಗೋಡಾಗ ಯಾವ ದವಾಖಾನಿ ಅತ್ತಿಗಿ?"

ಅವಳು ಓದಿ ಹೇಳಿದಳು. ದೇವರ ಹೆಸರಿನ ಆಸ್ಪತ್ರೆ, ಯಾವ ಊರಿನಲ್ಲಾದರೂ ಇರಬಹುದಾದಂಥ ಹೆಸರು. ನಾನು ಮಾತ್ರ ಅದನ್ನು ಎಂದೂ ಕೇಳಿರಲಿಲ್ಲ. ಇನ್ನೇನೋ ಹೇಳುವಷ್ಟರಲ್ಲಿ ಫೋನ್ ಕಟ್ಟಾಯಿತು.

ಕಂಪ್ಯೂಟರಿನಲ್ಲಿ ಎಐ ತೆರೆದು ಕೇಳಿದೆ: ಈ ಆಸ್ಪತ್ರೆಯ ಮಾಹಿತಿ ನಿನಗೆ ಎಲ್ಲಿ ಸಿಕ್ಕಿತು? ಉತ್ತರ ಅದೇ ವಿನಯದಲ್ಲಿ, ಅದೇ ಶುದ್ಧ ಕನ್ನಡದಲ್ಲಿ ಬಂತು: ಇವು ಮಾದರಿ ಮಾಹಿತಿ, ಪುಟ ಹೇಗೆ ಕಾಣುತ್ತದೆಂದು ತೋರಿಸಲು ಸೇರಿಸಿದ್ದೇನೆ, ಬಳಕೆಗೆ ಮುನ್ನ ನಿಜವಾದ ಮಾಹಿತಿಯನ್ನು ಹಾಕಬೇಕು.

ಆಸ್ಪತ್ರೆಯೇ ಇರಲಿಲ್ಲ. ಸಿರುಗುಪ್ಪದ ಕೆಂಪು ಚುಕ್ಕೆಯೂ ಸುಳ್ಳು. ಹತ್ತಿರದ ಊರನ್ನು ಬಿಟ್ಟು ನನ್ನ ಅಣ್ಣ ಮೈಯಲ್ಲಿ ವಿಷ ಹೊತ್ತು ಎಲ್ಲೂ ಇಲ್ಲದ ಒಂದು ಕಟ್ಟಡದ ಕಡೆಗೆ ಹೋಗುತ್ತಿದ್ದ.

ಅತ್ತಿಗೆಗೆ ಮತ್ತೆ ಮತ್ತೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ದನಿಯೇ ಬರುತ್ತಿತ್ತು. ಅಣ್ಣನ ಫೋನ್ ರಿಂಗಾಯಿತು, ಯಾರೂ ಎತ್ತಲಿಲ್ಲ; ಗದ್ದೆಯಲ್ಲೇ ಬಿದ್ದಿರಬೇಕು. ಭಾಯ್ ನಂಬರು ನನ್ನಲ್ಲಿರಲಿಲ್ಲ. ಪುಟವನ್ನು ಅಳಿಸಿಬಿಡೋಣ ಎಂದು ಕೈ ಹಾಕಿದೆ. ದಾರಿಯಲ್ಲಿ ಅತ್ತಿಗೆ ಮತ್ತೆ ತೆರೆದು ನೋಡಿದರೆ? ಖಾಲಿ ಪುಟ ಕಂಡು ಇನ್ನಷ್ಟು ಕಂಗಾಲಾದರೆ? ಎಲ್ಲ ಚುಕ್ಕೆ ತೆಗೆದು 'ಸರ್ಕಾರಿ ಆಸ್ಪತ್ರೆಗೆ ಹೋಗಿ' ಎಂದು ಬರೆ ಅಂತ ಎಐಗೆ ಟೈಪ್ ಮಾಡಿದೆ. ಆದರೆ ಕಳಿಸುವ ಗುಂಡಿ ಒತ್ತಲು ಬೆರಳು ಬರಲಿಲ್ಲ. ಇದು ಮತ್ತೇನನ್ನು ತಾನಾಗಿ ಸೇರಿಸುತ್ತದೋ ಎಂಬ ಹೆದರಿಕೆ. ಕೋಡನ್ನೇ ತೆರೆದೆ. ಅರ್ಥವಾಗದ ಸಾಲುಗಳ ನಡುವೆ ಕನ್ನಡ ಅಕ್ಷರ ಕಂಡಲ್ಲೆಲ್ಲ ಅಳಿಸಿ ಆ ಒಂದೇ ವಾಕ್ಯವನ್ನು ನನ್ನ ಕೈಯಿಂದ ಬರೆದೆ. ಪುಟ ಅಂದಗೆಟ್ಟಿತು. ಅಕ್ಷರವಂತೂ ಕಾಣುತ್ತಿತ್ತು.

ಶಟರ್ ಎಳೆದು ಸ್ಕೂಟಿ ಹತ್ತಿದೆ. ಕುರುಗೋಡು ರಸ್ತೆಯಲ್ಲಿ ಎರಡೂ ಬದಿ ಮೆಣಸಿನಕಾಯಿ ಹೊಲಗಳು. ಲಾರಿಗಳ ಧೂಳಿನಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಅರ್ಧ ದಾರಿ ಹೋಗಿರಬೇಕು, ಫೋನ್ ಹೊಡೆದುಕೊಂಡಿತು. ಅತ್ತಿಗೆಯ ನಂಬರು, ದನಿ ಭಾಯ್‌ದು.

"ಅಕ್ಕಾ, ಬಸ್ ಸ್ಟ್ಯಾಂಡ್ ಹಿಂದ ಅಂತ ತೋರಸ್ತೈತ್ರಿ. ಇಲ್ಲಿ ಬರೇ ಗೋಡೌನ್ ಅದಾವ. ಸುತ್ತಿ ಸುತ್ತಿ ಸಾಕಾತು. ಯಾರಿಗೆ ಕೇಳಿದ್ರೂ ಅಂಥಾ ದವಾಖಾನಿ ಇಲ್ಲ ಅಂತಾರ. ಅಣ್ಣಗ ಕಣ್ಣು ತೆರಿಯಾಕ ಆಗವಲ್ದು, ಮಾತು ತೊದಲಾಕತ್ಯಾವ."

"ಅದು ಇಲ್ಲ ಭಾಯ್! ಅದು ಸುಳ್ಳು! ಸರ್ಕಾರಿ ದವಾಖಾನಿಗೆ ಹೋಗ್ರಿ, ಈಗ್ಲೇ ಹೋಗ್ರಿ!" ರಸ್ತೆ ಬದಿಯಲ್ಲಿ ನಿಂತು ಕಿರುಚಿದೆ. ಹೊಲದಲ್ಲಿದ್ದ ಕೂಲಿಯವರು ತಲೆಯೆತ್ತಿ ನೋಡಿದರು.

ನಾನು ಕುರುಗೋಡಿನ ಸರ್ಕಾರಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಣ್ಣನಿಗೆ ಔಷಧಿ ಏರಿಸುತ್ತಿದ್ದರು. ರೆಪ್ಪೆಗಳು ಜೋತುಬಿದ್ದಿದ್ದವು. ನಾನು ಕರೆದರೆ ತುಟಿ ಅಲುಗಿತು, ದನಿ ಬರಲಿಲ್ಲ. ಉಸಿರಿಗೆ ತೊಂದರೆಯಾಗಬಹುದು, ಬಳ್ಳಾರಿಗೆ ಒಯ್ಯಿರಿ ಎಂದು ವೈದ್ಯರು ಆಂಬುಲೆನ್ಸ್ ಹತ್ತಿಸಿದರು. "ಕಡದು ಎಷ್ಟೊತ್ತಾತು? ಯಾಕ ತಡಾ ಮಾಡಿದ್ರಿ?" ಎಂದು ನರ್ಸ್ ಕೇಳಿದಾಗ ಅತ್ತಿಗೆ ನನ್ನ ಮುಖ ನೋಡಿದಳು. ಪೂರ್ತಿ ಉತ್ತರ ಗೊತ್ತಿದ್ದವಳು ನಾನೊಬ್ಬಳೇ.

ಬಳ್ಳಾರಿಯಲ್ಲಿ ಬಾಯಿಗೆ ಕೊಳವೆ ಹಾಕಿ ಉಸಿರಾಡಿಸಿದರು. ಗಾಜಿನಾಚೆ ಅವನ ಎದೆ ಏಳುವುದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಒಂದು ಉಸಿರು ತಡವಾದಂತೆ ಅನಿಸಿದರೂ ನರ್ಸನ್ನು ಕರೆಯುತ್ತಿದ್ದೆ. ಕೊನೆಗೆ ಕೊಳವೆ ತೆಗೆದರು. ಅಣ್ಣ ನೀರು ಕೇಳಿದ. ಬದುಕಿದ.

ಅಂದು ಅತ್ತಿಗೆಗೆ ನಿಜ ಹೇಳಿದೆ: ಚುಕ್ಕೆಗಳು ಎಐ ಕಟ್ಟಿದವು, ನಾನು ಖಾತ್ರಿ ಮಾಡಿಕೊಳ್ಳದೆ ಕಳಿಸಿದ್ದೆ. ಅವಳು ಅಣ್ಣನ ಹೊದಿಕೆ ಸರಿಮಾಡಿದಳು. "ಹಸರು ಚುಕ್ಕಿ ನೋಡಿದ ಕೂಡ್ಲೆ ಧೈರ್ಯ ಬಂದಿತ್ತು ನೋಡವಾ," ಎಂದಳು. ಬೈದಿದ್ದರೆ ವಾಸಿ ಇತ್ತು.

ಪುಟವನ್ನು ಪೂರ್ತಿ ತೆಗೆದುಹಾಕಿದೆ. ಸಂಘದ ಗ್ರೂಪಿನಲ್ಲಿ ಅತ್ತಿಗೆಯೇ ಎಲ್ಲರಿಗೂ ಹೇಳಿದಳು. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಆದರೆ ಆಮೇಲೆ ಸಿರುಗುಪ್ಪಕ್ಕೆ ಹೋದಾಗ ಗೊಬ್ಬರದ ಅಂಗಡಿಯೊಂದರ ಗೋಡೆಯ ಮೇಲೆ ಅದೇ ನಕ್ಷೆ, ಅದೇ ಚುಕ್ಕೆಗಳು. ಯಾರೋ ಮೊಬೈಲ್ ಪರದೆಯ ಚಿತ್ರ ತೆಗೆದಿದ್ದರು. ಅದನ್ನು ಅಂಗಡಿಯವರು ಕಲರ್ ಪ್ರಿಂಟ್ ಹಾಕಿಸಿ ಅಂಟಿಸಿದ್ದರು.

"ಇದು ನಿಮಗೆ ಯಾರು ಕೊಟ್ರು?" ಎಂದೆ.

"ಮೊಬೈಲಿಗೆ ಬಂದಿತ್ತಕ್ಕಾ. ಎಲ್ಲಾರ ಹತ್ರಾನೂ ಐತಿ. ರೈತರಿಗೆ ಬೇಕಾಗ್ತೈತಂತ ಹಚ್ಚೀನಿ."

ಅದರಲ್ಲಿರುವುದೆಲ್ಲ ಸುಳ್ಳೆಂದು ಅವರಿಗೆ ಹೇಳಿ, ಅವರೆದುರೇ ಕಿತ್ತು ಹರಿದೆ. ಅಂಗಡಿಯಲ್ಲಿ ನಿಂತಿದ್ದ ರೈತನೊಬ್ಬ ತನ್ನ ಮೊಬೈಲ್ ತೆಗೆದು ಬೆರಳಾಡಿಸತೊಡಗಿದ. ಅವನ ಫೋನಿನಲ್ಲೂ ಅದು ಇತ್ತು.