ಅಕ್ಕನ ಭುಜ ಮತ್ತು ಕೆಂಪು ದೀಪ

ಅರವತ್ತರ ದಶಕದ ಒಂದು ಚಳಿಗಾಲದಲ್ಲಿ ನನ್ನ ಅಕ್ಕನ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟದಿಂದ ಮೇಲೆ ಏಳದು, ರೊಟ್ಟಿ ಬಡಿಯಲು ಆಗದು. ಬಬಲೇಶ್ವರದ ಅವಳ ಅತ್ತೆ, ಕೈ ನೆಟ್ಟಗಾದ ಮೇಲೆ ಬರಲಿ ಎಂದು ನಮ್ಮ ತಿಕೋಟಾದ ಮನೆಗೆ ಕಳಿಸಿದರು. ಆಗದಿದ್ದರೆ ಏನು ಎಂಬುದನ್ನು ಹೇಳಲಿಲ್ಲ. ಅವ್ವನಿಗೆ ಹಗಲೆಲ್ಲ ಅದೇ ಚಿಂತೆ.

ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದಿದ್ದ ನಾನು ಅವಳನ್ನು ಬಸ್ಸಿನಲ್ಲಿ ವಿಜಾಪುರಕ್ಕೆ ಕರೆದೊಯ್ಯತೊಡಗಿದೆ. ಸೊಲ್ಲಾಪುರ ರಸ್ತೆಯ ಡಾಕ್ಟರೊಬ್ಬರ ಹತ್ತಿರ ಇನ್‌ಫ್ರಾರೆಡ್ ದೀಪವಿತ್ತು. ಮೊದಲ ದಿನ ಕಂಪೌಂಡರ್ ದೀಪ ಹಚ್ಚಿದ ಕೂಡಲೇ ಅಕ್ಕ ಸೆರಗನ್ನು ಭುಜದ ಮೇಲೆ ಬಿಗಿಯಾಗಿ ಎಳೆದುಕೊಂಡಳು. ಹೀಗಾದರೆ ಬಿಸಿಯಾಗುವುದು ಸೀರೆ, ಭುಜವಲ್ಲ ಎಂದು ನಾನು ವಿವರಿಸಿದೆ. ಕೆಂಪು ಬೆಳಕಿನ ಜೊತೆ ಕಣ್ಣಿಗೆ ಕಾಣದ ಕಿರಣ ಬರುತ್ತದೆ. ನಡುವಿನ ಗಾಳಿಯನ್ನು ಅದು ಹೆಚ್ಚು ಕಾಯಿಸುವುದಿಲ್ಲ, ಯಾವುದಕ್ಕೆ ತಾಗುತ್ತದೋ ಅಲ್ಲಿ ಕಾವಾಗುತ್ತದೆ. ಒಲೆಯ ಮುಂದೆ ಕೂತಾಗ ಮುಖ ಕಾದರೂ ಬೆನ್ನು ತಣ್ಣಗಿರುವುದಿಲ್ಲವೇ, ಹಾಗೆ. ಹೊಗೆಯಿಲ್ಲ, ಶಾಖ ಕೊಡುವ ಬಿಸಿ ಉಪ್ಪಿನ ಗಂಟಿನಂತೆ ನೋವಿರುವಲ್ಲಿ ಒತ್ತುವುದೂ ಇಲ್ಲ, ಬೇಕಾದ ಜಾಗಕ್ಕಷ್ಟೇ ಬಿಸಿ.

“ಖರೆ ಐತಿ ತಮ್ಮಾ. ಮೊದಲ ಆ ಗಂಡಸನ್ನ ಹೊರಗ ಕಳಸು. ನೀನೂ ಆ ಕಡಿ ಮಾರಿ ಮಾಡು.”

ಕಂಪೌಂಡರ್ ದೀಪವನ್ನು ತಕ್ಕಷ್ಟು ದೂರದಲ್ಲಿಟ್ಟು, ನಗುತ್ತ ಹೊರಗೆ ಹೋದ. ನಾನು ಗೋಡೆ ನೋಡುತ್ತ ನಿಂತೆ. ಮುಂದೆಯೂ ಹೋದಾಗಲೆಲ್ಲ ಹಾಗೆಯೇ ನಿಂತೆ. ಆದ್ದರಿಂದ ಅವಳು ಸೆರಗು ಸರಿಸಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಕಾವು ಹಿತವಾಗಿದೆ ಎಂದಷ್ಟೇ ಹೇಳುತ್ತಿದ್ದಳು. ಮನೆಗೆ ಬಂದರೆ ಅವ್ವ ಉಪ್ಪಿನ ಗಂಟನ್ನೂ ಇಡುತ್ತಿದ್ದಳು. ರೊಟ್ಟಿಯ ಕೆಲಸವಂತೂ ಇರಲಿಲ್ಲ. ಗುಣವಾಗಿದ್ದರೂ ಯಾವುದರಿಂದ ಎಂದು ಹೇಳುವಂತಿಲ್ಲ. ಗುಣವಾಯಿತೇ ಎಂಬುದೇ ನನ್ನ ಅನುಮಾನ.

ಕರೆದೊಯ್ಯಲು ಭಾವ ಬಂದ ದಿನ ಅವ್ವ ಕೈ ಎತ್ತಿ ತೋರಿಸು ಎಂದಳು. ಅಕ್ಕ ಗೋಡೆಯಲ್ಲಿ ತಲೆಗಿಂತ ಮೇಲಿದ್ದ ನಾಗೊಂದಿಗೆಯ ಹಲಗೆ ಮುಟ್ಟುವಷ್ಟು ಎತ್ತಿದಳು. ಆಗ ತುಟಿ ಕಚ್ಚಿದ್ದಳೆಂದು ನನ್ನ ನೆನಪು. ನಗುತ್ತಿದ್ದಳೆಂದು ಅವ್ವ ಕೊನೆಯವರೆಗೂ ವಾದಿಸಿದಳು.

ಬಸ್ಸಿಗೆ ಹೋಗುವಾಗ ಭಾವ ಮುಂದೆ ನಡೆಯುತ್ತಿದ್ದ. ಇನ್ನೂ ನೋಯುತ್ತದೆಯೇ ಎಂದು ಅಕ್ಕನನ್ನು ಮೆಲ್ಲಗೆ ಕೇಳಿದೆ.

“ನೋಯ್ತೈತಿ ಅಂದ್ರ ಏನ್ ಮಾಡಾಂವ ನೀ? ಮತ್ತ ಆ ದೀಪದ ಮುಂದ ಕುಂದ್ರಸ್ತೀಯೇನು?”

ಬಸ್ಸಿನ ಬಾಗಿಲ ಸರಳು ಹಿಡಿದು ಅವಳು ಮೇಲೇರಿದಳು. ಬಲಗೈಯನ್ನೇ ಎತ್ತಿ ಹಿಡಿದಳೆಂದು ಬಹಳ ವರ್ಷ ನೆಮ್ಮದಿಯಿಂದಿದ್ದೆ. ಈಗ ಕಣ್ಣಿಗೆ ತಂದುಕೊಂಡರೆ ಅದೇ ಕೈಯಲ್ಲಿ ಬಟ್ಟೆಯ ಗಂಟೂ ಕೆಳಗೆ ಜೋತಾಡುತ್ತಿರುತ್ತದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ.